ಆಪ್ತರಲ್ಲದವರ ಆಪ್ತ ಸಮಾಲೋಚನೆ

ಸೈನಿಕನ ಮನೆಯ ಜಗಳವನ್ನು ಅವನ ಯೂನಿಟ್ಟೇ ಬಗೆಹರಿಸುತ್ತದೆ ಎಂಬ ಮಾತಿಗೆ ನಮ್ಮಲ್ಲಿ ಬಹಳ ಮರ್ಯಾದೆ ಇದೆ. ಠಾಣೆಯ ಬೆಂಚು ಬೇಡ, ಕೋರ್ಟಿನ ಕಾರಿಡಾರು ಬೇಡ, ವಕೀಲರ ಫೀಸು ಬೇಡ. ಹೆಂಡತಿ ಕಮಾಂಡಿಂಗ್ ಆಫೀಸರಿಗೆ ಒಂದು ಅರ್ಜಿ ಬರೆದರೆ ಸಾಕು, ಗಂಡ ಮಾರನೆಯ ಬೆಳಿಗ್ಗೆ ಅಟೆನ್ಷನ್‌ನಲ್ಲಿ ನಿಂತಿರುತ್ತಾನೆ ಎಂಬುದು ಮೈಸೂರು, ಕೊಡಗಿನ ಕಡೆ ಹೆಮ್ಮೆಯಿಂದ ಆಡುವ ಮಾತು. ಯೂನಿಟ್ಟಿನ ಫ್ಯಾಮಿಲಿ ವೆಲ್ಫೇರ್ ವ್ಯವಸ್ಥೆಗೂ, 1966ರಲ್ಲಿ ನೋಂದಣಿಯಾಗಿ ‘ಆವಾ’ ಎಂದೇ ಎಲ್ಲರ ಬಾಯಲ್ಲಿರುವ ಸೇನಾ ಪತ್ನಿಯರ ಕಲ್ಯಾಣ ಸಂಘಕ್ಕೂ ಈ ಹೊಗಳಿಕೆಯ ದೊಡ್ಡ ಪಾಲು ಸಲ್ಲುತ್ತದೆ. ಹೊಲಿಗೆ ತರಬೇತಿ, ಮಕ್ಕಳ ಶಾಲೆ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರ ಆರೈಕೆ, ಇವುಗಳಲ್ಲಿ ಅವು ಮಾಡಿರುವ ಕೆಲಸವನ್ನು ಯಾರೂ ಅಲ್ಲಗಳೆಯಬೇಕಿಲ್ಲ. ತಕರಾರಿರುವುದು ಏಟು ತಿಂದ ಹೆಂಗಸಿಗೆ ಸಮಾಲೋಚನೆ ನಡೆಸಲು ಇದೇ ವ್ಯವಸ್ಥೆ ಅತ್ಯುತ್ತಮ ಎಂಬ ನಂಬಿಕೆಯ ಬಗ್ಗೆ. ಈ ನಂಬಿಕೆ ತನ್ನ ಯೋಗ್ಯತೆಗಿಂತ ಹೆಚ್ಚು ಹೊಗಳಿಸಿಕೊಂಡಿದೆ. ಅದೇ ಹೊತ್ತಿಗೆ, ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ ಜೊತೆ 2006ರಲ್ಲಿ ಬಂದ ನಿಯಮಗಳಲ್ಲಿ ಹದಿನಾಲ್ಕನೆಯದೊಂದಿದೆ. ಸಮಾಲೋಚಕರು ಹೇಗೆ ನಡೆದುಕೊಳ್ಳಬೇಕು, ಅವರ ಮೇಲ್ವಿಚಾರಣೆ ಯಾರದು ಎಂದು ಹೇಳುವ ನಿಯಮ ಅದು. ಅದನ್ನು ಓದಿದವರೇ ವಿರಳ.

ಯೂನಿಟ್ ಮಾದರಿಯ ಹೊಗಳಿಕೆ ಕ್ವಾರ್ಟರ್ಸ್ ಬದುಕನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು. ಮೈಸೂರು ದಂಡು ಪ್ರದೇಶವಲ್ಲ. ಇಲ್ಲಿ ಸೈನಿಕರ ಸುಳಿವು ಸಿಗುವುದು ಕ್ಯಾಂಟೀನಿನ ಸಾಲಿನಲ್ಲಿ, ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿನಲ್ಲಿ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ. ಸೇವೆಯಲ್ಲಿರುವವನು ಗಡಿಯಲ್ಲೆಲ್ಲೋ ಫೀಲ್ಡ್ ಪೋಸ್ಟಿಂಗಿನಲ್ಲಿರುತ್ತಾನೆ; ಹೆಂಡತಿ ಮಕ್ಕಳ ಶಾಲೆಗೆಂದು ಬಾಡಿಗೆ ಮನೆಯಲ್ಲೋ, ಹುಣಸೂರು, ಪಿರಿಯಾಪಟ್ಟಣದ ಅತ್ತೆಮನೆಯಲ್ಲೋ ಇರುತ್ತಾಳೆ. ಜವಾನನಿಗೆ ವರ್ಷಕ್ಕೆ ಸಿಗುವುದು 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಷುಯಲ್ ರಜೆ. ಏಟು ಬೀಳುವುದಾದರೆ ಆ ಮೂರು ತಿಂಗಳಲ್ಲಿ ಬೀಳುತ್ತದೆ. ಉಳಿದ ಒಂಬತ್ತು ತಿಂಗಳು ಹಿಂಸೆ ಬೇರೆ ವೇಷದಲ್ಲಿ ಬರುತ್ತದೆ: ಎಟಿಎಂ ಕಾರ್ಡು ಅತ್ತೆಯ ಕೈಲಿ, ದಿನಕ್ಕೆ ಮೂರು ಸಲ ವಿಡಿಯೋ ಕರೆ, ಎಲ್ಲಿಗೆ ಹೋಗಿದ್ದೆ ಎಂಬ ವಿಚಾರಣೆ. 2019-20ರಲ್ಲಿ ಕರ್ನಾಟಕದಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತ ಮಹಿಳೆಯರ ಪೈಕಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ಹೇಳಿದರು. ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 20.6 ಇತ್ತು. ಇದರಲ್ಲಿ ಸೈನಿಕರ ಮನೆಗಳ ಪಾಲೆಷ್ಟು ಎಂದು ಸಮೀಕ್ಷೆ ಬಿಡಿಸಿ ಹೇಳುವುದಿಲ್ಲ. ವೀರಗಲ್ಲು, ಮಾಸ್ತಿಗಲ್ಲುಗಳ ನಾಡು ನಮ್ಮದು. ಸೈನಿಕ ಗಂಡ ಹುತಾತ್ಮನಾದರೆ ಹೆಂಡತಿಗೆ ‘ವೀರನಾರಿ’ ಎಂಬ ಹೆಸರಿದೆ. ಅವನು ಬದುಕಿರುವಷ್ಟು ಕಾಲ ಕಡತದಲ್ಲಿ ಅವಳು ಬರೀ ‘ಅವಲಂಬಿತೆ’.

ಈಗ ಹದಿನಾಲ್ಕನೆಯ ನಿಯಮಕ್ಕೆ ಬರೋಣ. ಅದರ ಆರಂಭ ಸಪ್ಪೆಯಾಗಿದೆ: ಸಮಾಲೋಚಕರು ನ್ಯಾಯಾಲಯದ ಅಥವಾ ಸಂರಕ್ಷಣಾಧಿಕಾರಿಯ, ಇಲ್ಲವೇ ಇಬ್ಬರ ಸಾಮಾನ್ಯ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕು, ಸಭೆ ಹೆಂಗಸಿಗೆ ಅನುಕೂಲವಾದ ಜಾಗದಲ್ಲಿರಬೇಕು, ಇನ್ನು ಮುಂದೆ ಹಿಂಸೆ ಮಾಡುವುದಿಲ್ಲವೆಂದು ಗಂಡ ಮುಚ್ಚಳಿಕೆ ಕೊಡಬೇಕು. ಆಮೇಲೆ ಬರುತ್ತದೆ ಅಸಾಧಾರಣವಾದ ಒಂದು ಷರತ್ತು. ಮಾಡಿದನೆನ್ನಲಾದ ಹಿಂಸೆಗೆ ಎದುರುದಾರನು ಯಾವ ಸಮರ್ಥನೆಯನ್ನೂ ಸಮಾಲೋಚನೆಯಲ್ಲಿ ಮುಂದಿಡುವಂತಿಲ್ಲ. ಮುಂದಿಡುವಂತಿಲ್ಲ ಎಂಬುದನ್ನು ಮಾತುಕತೆ ಶುರುವಾಗುವ ಮೊದಲೇ ಅವನಿಗೆ ತಿಳಿಸಬೇಕು. ಎರಡನೆಯ ಭಾಗವೇ ಹೆಚ್ಚು ಸೂಕ್ಷ್ಮವಾದದ್ದು. ಸಮರ್ಥನೆ ಬಂದ ಮೇಲೆ ತಡೆಯುವುದಕ್ಕೂ ಬರುವ ಮುಂಚೆ ಬಾಗಿಲು ಹಾಕುವುದಕ್ಕೂ ಇರುವ ದೂರ ದೊಡ್ಡದು. ಕಾರಣ ಒಮ್ಮೆ ಮೇಜಿನ ಮೇಲೆ ಬಿತ್ತೆಂದರೆ, ಕೂತವರೆಲ್ಲ ಅದನ್ನು ತೂಗಲು ಶುರುಮಾಡುತ್ತಾರೆ: ಊಟ ತಡವಾಗಿತ್ತೇ, ಫೋನು ಎಷ್ಟು ಹೊತ್ತು ಬ್ಯುಸಿ ಇತ್ತು, ತವರಿಗೆ ಕೇಳದೆ ಹೋದಳೇ. ಅಷ್ಟರಲ್ಲಿ ವಿಚಾರಣೆಗೆ ಒಳಗಾದವಳು ಅವಳಾಗಿರುತ್ತಾಳೆ. ಈ ಷರತ್ತು ಬರೆದವರು ನಮ್ಮ ಪಂಚಾಯ್ತಿ ಕಟ್ಟೆಯನ್ನು ಚೆನ್ನಾಗಿ ಬಲ್ಲವರು.

ನಮ್ಮ ಭಾಷೆಯಲ್ಲಿ ಈ ಷರತ್ತು ಪಾಲಿಸುವುದು ಇನ್ನೂ ಕಷ್ಟ. ‘ನನಗೆ ಸಿಟ್ಟು ಬಂತು’ ಎಂಬ ವಾಕ್ಯದಲ್ಲಿ ಕರ್ತೃ ಸಿಟ್ಟು; ಗಂಡಸು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ಸರಿದು ನಿಂತಿರುತ್ತಾನೆ, ಮನೆಗೆ ಬಂದ ನೆಂಟನನ್ನು ಬರಮಾಡಿಕೊಂಡವನಂತೆ. ‘ಒಂದೇಟು ಬಿತ್ತು’ ಎಂದಾಗ ಅವನು ವಾಕ್ಯದಲ್ಲೇ ಇಲ್ಲ. ‘ಅದಕ್ಕೇ ಕೈ ಎತ್ತಿದೆ’ ಎಂಬಲ್ಲಿ ‘ಅದಕ್ಕೇ’ ಎನ್ನುವುದು ಇಡೀ ಸಮರ್ಥನೆಯನ್ನು ಒಂದೇ ಪದದಲ್ಲಿ ಸಾಗಿಸಿಬಿಡುತ್ತದೆ. ಆದ್ದರಿಂದ ಮೇಲ್ವಿಚಾರಣೆ ಎಂದರೆ ವಾರಕ್ಕೊಮ್ಮೆ ರಿಜಿಸ್ಟರಿಗೆ ಸಹಿ ಹಾಕುವುದಲ್ಲ, ಸಮಾಲೋಚಕರ ಟಿಪ್ಪಣಿಯನ್ನು ವ್ಯಾಕರಣಸಮೇತ ಓದುವುದು. ಮೊದಲ ಪುಟದಲ್ಲಿ ಯಾರ ಮಾತಿದೆ? ಮುಚ್ಚಳಿಕೆ ಮಾತುಕತೆಗೆ ಮೊದಲು ಬಂತೋ, ಕೊನೆಗೆ ಶಾಸ್ತ್ರಕ್ಕೆ ಬಂತೋ? ಅವಳೊಬ್ಬಳ ಜೊತೆ ಮಾತಾಡಿದ ದಾಖಲೆ ಇದೆಯೇ? ರಾಜಿ ಬೇಕೆಂದು ಕೇಳಿದವರು ಯಾರು? ‘ಇಬ್ಬರಿಗೂ ತಿಳಿವಳಿಕೆ ಹೇಳಿ ಕಳುಹಿಸಲಾಯಿತು’ ಎಂಬ ಧಾಟಿಯ ವಾಕ್ಯ ಕಂಡಲ್ಲೆಲ್ಲ ನಿಯಮ ಮುರಿದಿದೆ ಎಂದು ಗುರುತು ಹಾಕಬಹುದು, ಏಕೆಂದರೆ ಅವಳಿಗೆ ಹೇಳುವ ತಿಳಿವಳಿಕೆ ಎಂಬುದೊಂದು ಆ ನಿಯಮದಲ್ಲಿ ಇಲ್ಲವೇ ಇಲ್ಲ. ಸಮಾಲೋಚಕರ ಪ್ರಯತ್ನದ ಮಿತಿಯನ್ನು ಅದು ಸ್ಪಷ್ಟವಾಗಿ ಗೆರೆ ಎಳೆದು ಹೇಳಿದೆ: ಅವಳ ಅಹವಾಲನ್ನು ಅರ್ಥಮಾಡಿಕೊಂಡು ಅದಕ್ಕೆ ಪರಿಹಾರ ಹುಡುಕುವುದು. ಗಂಡನ ಸಮರ್ಥನೆಗೆ ಅವಕಾಶವೇ ಕೊಡದಿರುವುದು ಸಹಜ ನ್ಯಾಯಕ್ಕೆ ವಿರುದ್ಧವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ‘ನಾನು ಹೊಡೆದೇ ಇಲ್ಲ’ ಎನ್ನಲು ಅವನಿಗೆ ಕೋರ್ಟು ತೆರೆದೇ ಇದೆ. ಮುಚ್ಚಿರುವುದು ‘ಹೊಡೆದೆ, ಯಾಕೆಂದರೆ’ ಎಂಬ ಬಾಗಿಲು. ನಿರಾಕರಣೆ ಬೇರೆ, ಸಮರ್ಥನೆ ಬೇರೆ.

ಈ ಅಳತೆಗೋಲಿಟ್ಟು ನೋಡಿದರೆ ಯೂನಿಟ್ ಮಾದರಿಯ ದೋಷ ಯಾರೊಬ್ಬರ ಕೆಟ್ಟತನದ್ದಲ್ಲ, ಅದರ ಕಟ್ಟಡದ್ದು. ಅಧಿಕಾರಿಗಳ ಶ್ರೇಣಿಯೇ ಅವರ ಪತ್ನಿಯರ ಸಂಘದಲ್ಲೂ ಮರುರೂಪ ಪಡೆಯುತ್ತದೆ. ಭೂಸೇನಾ ಮುಖ್ಯಸ್ಥರ ಪತ್ನಿ ಅದರ ಅಧ್ಯಕ್ಷೆ, ಕೆಳಗೆ ಕಮಾಂಡಿನಿಂದ ಯೂನಿಟ್ಟಿನವರೆಗೆ ಅದೇ ಏಣಿ. ಜವಾನನ ಹೆಂಡತಿ ತನ್ನ ಗಂಡನ ಮೇಲಧಿಕಾರಿಯ ಹೆಂಡತಿಯ ಮುಂದೆ ಕೂತು ಮೈಮೇಲಿನ ಗಾಯದ ಕಥೆ ಹೇಳಬೇಕು. ಪ್ರಕರಣದಲ್ಲಿ ಹಿತಾಸಕ್ತಿ ಇರುವವರು, ಕಕ್ಷಿದಾರರಿಗೆ ಸಂಬಂಧಿಕರಾದವರು ಸಮಾಲೋಚಕರಾಗಬಾರದೆಂದು ಹದಿಮೂರನೆಯ ನಿಯಮ ಹೇಳುತ್ತದೆ. ಆದರೆ ‘ರೆಜಿಮೆಂಟೇ ಒಂದು ಕುಟುಂಬ’ ಎಂಬ ಘೋಷಣೆಯ ಅರ್ಥವೇ ಎಲ್ಲರೂ ಸಂಬಂಧಿಕರು ಎಂದಲ್ಲವೇ? ಕನ್ನಡದಲ್ಲಿ ನಾವು ಕೌನ್ಸೆಲಿಂಗಿಗೆ ಆಪ್ತ ಸಮಾಲೋಚನೆ ಎನ್ನುತ್ತೇವೆ. ಈ ನಿಯಮಕ್ಕೆ ಬೇಕಾದವರು ಯಾರಿಗೂ ಆಪ್ತರಲ್ಲದವರು. ಸೇನೆ ಯಾವುದನ್ನು ಕೌಟುಂಬಿಕ ಅಪರಾಧವೆಂದು ಗಂಭೀರವಾಗಿ ಕಾಣುತ್ತದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ವ್ಯಭಿಚಾರದ ದಂಡಸಂಹಿತೆಯ ಕಲಮನ್ನು ರದ್ದುಮಾಡಿದಾಗ ಸೇನೆಗೆ ಆತಂಕವಾಯಿತು. ಆ ತೀರ್ಪು ಸೇನಾ ಕಾಯ್ದೆಗಳಡಿಯ ಕ್ರಮಕ್ಕೆ ಅಡ್ಡಿಯಲ್ಲ ಎಂಬ ಸ್ಪಷ್ಟನೆಯನ್ನು ಸರ್ಕಾರ 2023ರ ಜನವರಿಯಲ್ಲಿ ಪಡೆದುಕೊಂಡಿತು. ಸಹೋದರ ಅಧಿಕಾರಿಯ ಪತ್ನಿಯ ಒಲವನ್ನು ಕದ್ದದ್ದು ಎಂಬುದು ಅಲ್ಲಿನ ಆರೋಪಪಟ್ಟಿಯ ಭಾಷೆ. ಅಲ್ಲಿ ನೊಂದವನು ಗಂಡಸು, ಕದ್ದವನು ಗಂಡಸು. ಹೆಂಗಸು ಕಳುವಾದ ಮಾಲು.

ಹೀಗೆಂದ ಕೂಡಲೇ ಮಹಿಳಾ ಚಳವಳಿಯ ಕೆಲವು ವಿಮರ್ಶಕರು ತಲೆದೂಗಿ, ಸಮಾಲೋಚನೆಯೇ ಮೋಸ, ಸಮಾಲೋಚನೆಗೆ ಕಳಿಸಲು ಅವಕಾಶ ಕೊಡುವ, ಕೌಟುಂಬಿಕ ದೌರ್ಜನ್ಯ ಕಾಯ್ದೆಯ 14ನೇ ಕಲಮೇ ರಾಜಿ ಪಂಚಾಯ್ತಿಗೆ ಹಾಕಿದ ಕಾನೂನಿನ ಠಸ್ಸೆ ಎನ್ನುತ್ತಾರೆ. ಅವರೊಂದಿಗೆ ನನ್ನ ಜಗಳ ಹಳೆಯದು. ಅವರು ಓದುವುದು ಕಾಯ್ದೆಯ ಕಲಮನ್ನು, ನಿಯಮವನ್ನಲ್ಲ. ಹೌದು, ನಿಯಮ ತನ್ನೊಳಗೇ ಎಡವುತ್ತದೆ: ಅವಳು ಬಯಸಿದರೆ ಮಾತ್ರ ರಾಜಿ ಎಂದ ಕೆಲವೇ ಸಾಲುಗಳ ನಂತರ, ರಾಜಿಗೆ ಸಮಾಲೋಚಕರು ಶ್ರಮಿಸಬೇಕು ಎಂದೂ ಹೇಳಿಬಿಡುತ್ತದೆ. ಆದರೆ ಅವರ ಸಿಟ್ಟು ತಪ್ಪು ವಿಳಾಸಕ್ಕೆ ಹೋಗಿದೆ. ಅದು ಸಲ್ಲಬೇಕಾದ್ದು ಇನ್ನೊಂದು ಬಳಗಕ್ಕೆ. ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವಾಗಿಸಿದ್ದ ದಂಡಸಂಹಿತೆಯ 498ಎ ಕಲಮಿನ ದುರುಪಯೋಗವೆಂದು ಅಂಕಣ ಬರೆಯುವವರು 2017ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ರಾಜೇಶ್ ಶರ್ಮಾ ತೀರ್ಪನ್ನು ಸಂಭ್ರಮಿಸಿದರು. ಜಿಲ್ಲೆಗೊಂದು ಕುಟುಂಬ ಕಲ್ಯಾಣ ಸಮಿತಿ ರಚಿಸಿ, ದೂರುಗಳು ಮೊದಲು ಅಲ್ಲಿಗೆ ಹೋಗಲಿ ಎಂದಿತ್ತು ಆ ತೀರ್ಪು. ಸಮಿತಿಗೆ ಯಾರು ಸದಸ್ಯರಾಗಬಹುದು ಎಂಬ ಪಟ್ಟಿಯಲ್ಲಿ ಸಮಾಜ ಸೇವಕರು, ನಿವೃತ್ತರು, ಅವರ ಜೊತೆಗೆ ಸೇವೆಯಲ್ಲಿರುವ ಅಧಿಕಾರಿಗಳ ಪತ್ನಿಯರು! 2018ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಆ ಸಮಿತಿಗಳನ್ನು ತಳ್ಳಿಹಾಕಿತು. 2025ರ ಜುಲೈನಲ್ಲಿ ಅಲಹಾಬಾದ್ ಹೈಕೋರ್ಟಿನ ಮಾರ್ಗಸೂಚಿಯನ್ನು ಸುಪ್ರೀಂ ಕೋರ್ಟೇ ಒಪ್ಪಿದ್ದರಿಂದ ಅವು ಹಿಂಬಾಗಿಲಿನಿಂದ ಮತ್ತೆ ಬಂದವು, ಎರಡು ತಿಂಗಳ ತಣ್ಣಗಾಗುವ ಅವಧಿಯ ಸಮೇತ. ಅಲ್ಲಿಯೂ ಹಿರಿಯ ನ್ಯಾಯಾಂಗ ಮತ್ತು ಆಡಳಿತ ಅಧಿಕಾರಿಗಳ ವಿದ್ಯಾವಂತ ಪತ್ನಿಯರಿಗೆ ಜಾಗವಿದೆ. ಅಂದರೆ ಸೇನೆಯ ಮಾದರಿ ನಾಗರಿಕ ನ್ಯಾಯಕ್ಕೆ ಮೇಲ್ಪಂಕ್ತಿಯಂತೆ ಕಾಣತೊಡಗಿದೆ. ಅಧಿಕಾರಿಯನ್ನು ಮದುವೆಯಾಗುವುದು ಸಮಾಲೋಚನೆಯ ಅರ್ಹತೆ ಆದದ್ದು ಯಾವಾಗ ಎಂದು ಈ ಅಂಕಣಕಾರರು ಒಮ್ಮೆಯೂ ಕೇಳಲಿಲ್ಲ.

ಹಾಗಾದರೆ ನಾಗರಿಕ ವ್ಯವಸ್ಥೆ ಸರಿಯಾಗಿದೆಯೇ? ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿ ಎಂದರೆ ಬಹುಮಟ್ಟಿಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ. ಅಂಗನವಾಡಿಯ ಮೊಟ್ಟೆಯ ಲೆಕ್ಕದ ನಡುವೆ ಅವರು ಸಮಾಲೋಚನೆಯ ಟಿಪ್ಪಣಿಯನ್ನು ವ್ಯಾಕರಣಸಮೇತ ಓದುತ್ತಾರೆಂದು ನಿರೀಕ್ಷಿಸುವುದು ತಮಾಷೆ. ಸಮಾಲೋಚನೆಗೆ ಕಳಿಸಿದ ಮೇಲೆ ಎರಡು ತಿಂಗಳೊಳಗೆ ಮುಂದಿನ ವಿಚಾರಣೆ ಇಡಬೇಕೆಂದು ಕಾಯ್ದೆ ಹೇಳುತ್ತದೆ; ಅಷ್ಟರಲ್ಲಿ ಜವಾನನ ರಜೆ ಮುಗಿದು ಅವನು ಮತ್ತೆ ರೈಲು ಹತ್ತಿರುತ್ತಾನೆ. ಇವೆಲ್ಲ ನಿಜ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಸಿಡಿಪಿಒ ನಿಯಮ ಮುರಿದರೆ ಮುರಿದದ್ದಕ್ಕೆ ಹೆಸರಿದೆ, ಮೇಲೆ ಮ್ಯಾಜಿಸ್ಟ್ರೇಟರಿದ್ದಾರೆ. ಯೂನಿಟ್ಟಿನ ಕೋಣೆಯಲ್ಲಿ ಮುರಿಯಲು ನಿಯಮವೇ ಇಲ್ಲ. ಗುಂಡಿನ ನಡುವೆ ಬದುಕುವವನ ಒತ್ತಡವನ್ನು ಲೆಕ್ಕಕ್ಕೆ ಹಿಡಿಯಬೇಡವೇ ಎಂಬ ಇನ್ನೊಂದು ಆಕ್ಷೇಪಕ್ಕೂ ಉತ್ತರ ಇಲ್ಲೇ ಇದೆ. ಒತ್ತಡಕ್ಕೆ ಚಿಕಿತ್ಸೆ ಬೇಕು, ಬೇರೆ ಕೋಣೆಯಲ್ಲಿ, ಬೇರೆ ವೈದ್ಯರ ಮುಂದೆ. ಅವಳ ಎದುರು ಅದನ್ನು ಎತ್ತಿದ ಕ್ಷಣವೇ ಅದು ‘ಯಾಕೆಂದರೆ’ ಆಗುತ್ತದೆ.

ಉಳಿದದ್ದರಲ್ಲಿ ಗಟ್ಟಿಯಾದ ಆಕ್ಷೇಪ ಹೆಂಡತಿಯರದ್ದೇ: ಪೊಲೀಸು, ಕೋರ್ಟು ಎಂದರೆ ಅವನ ಬಡ್ತಿ, ಪೆನ್ಷನ್ನು ಹೋಗುತ್ತದೆ, ನಾವು ಉಣ್ಣುವುದು ಅದನ್ನೇ. ಅಮೆರಿಕದ ಸೇನೆಗೂ ಇದೇ ಪ್ರಶ್ನೆ ಎದುರಾಯಿತು. 2002ರ ಬೇಸಿಗೆಯಲ್ಲಿ ಫೋರ್ಟ್ ಬ್ರ್ಯಾಗ್ ನೆಲೆಯ ನಾಲ್ವರು ಸೈನಿಕರ ಪತ್ನಿಯರು ಆರು ವಾರಗಳಲ್ಲಿ ಗಂಡಂದಿರಿಂದಲೇ ಹತರಾದರು. 2006ರಿಂದ ಅಲ್ಲಿ ಕಮಾಂಡರಿಗೆ ತಿಳಿಸದೆಯೇ ನೆರವು ಪಡೆಯುವ ಗೋಪ್ಯ ದೂರಿನ ದಾರಿ ತೆರೆಯಿತು. 2023ರ ಕೊನೆಗೆ ಕೌಟುಂಬಿಕ ಹಿಂಸೆಯ ಮೊಕದ್ದಮೆ ಹೂಡುವ ತೀರ್ಮಾನವನ್ನೇ ಕಮಾಂಡರುಗಳ ಕೈಯಿಂದ ತೆಗೆದು ಸ್ವತಂತ್ರ ವಕೀಲರಿಗೆ ಕೊಡಲಾಯಿತು. ನಮ್ಮಲ್ಲಿ ಸೇನೆಯೇ ನಾಗರಿಕರಿಗಿಂತ ಮುಂದಿರುವ ಒಂದು ಜಾಗವೂ ಇದೆ, ಅದನ್ನು ಒಪ್ಪಲೇಬೇಕು. ಸೇನಾ ಕಾಯ್ದೆಯ 90 ಮತ್ತು 91ನೇ ಕಲಮುಗಳಡಿ ಹೆಂಡತಿಗೆ ಸಂಬಳದ ಶೇ 22ರವರೆಗೆ, ಮಕ್ಕಳನ್ನೂ ಸೇರಿಸಿ ಒಟ್ಟು ಶೇ 33ರವರೆಗೆ ಜೀವನಾಂಶ ನೇರವಾಗಿ ಕಡಿತವಾಗಿ ಬರುತ್ತದೆ. ಕೋರ್ಟಿನ ಆದೇಶ ಕೈಲಿ ಹಿಡಿದು ವರ್ಷಗಟ್ಟಲೆ ಅಲೆಯುವವರಿಗೆ ಇದು ಕನಸು. ಆದರೆ ಅವಳ ಅರ್ಜಿ ಹೋಗುವುದು ಅವನ ಯೂನಿಟ್ಟಿಗೆ. ಅಲ್ಲಿಂದ ಗಂಡನಿಗೆ ಒಂದು ನೋಟಿಸ್ ಹೊರಡುತ್ತದೆ, ಕಡಿತ ಯಾಕೆ ಮಾಡಬಾರದು ಎಂದು ಕಾರಣ ಕೇಳಿ. ದುಡ್ಡಿನ ಮಟ್ಟಿಗೆ ಆ ನೋಟಿಸ್ ನ್ಯಾಯವೇ. ಅವನು ಬರೆಯುವ ಕಾರಣದ ಆ ಕಾಗದ, ಫ್ಯಾಮಿಲಿ ವೆಲ್ಫೇರಿನ ಕೋಣೆಯಲ್ಲಿ ಅವಳಿಗೆ ಬುದ್ಧಿ ಹೇಳಲು ಕೂರುವವರ ಮೇಜಿಗೆ ಹೋಗದಂತೆ ತಡೆಯುವ ಒಂದು ಸಾಲು ಎಲ್ಲಿ ಬರೆದಿದೆ?