ಸಂಕೀರ್ಣ ಪರಿಷತ್ತು

ಭರತನ ನಾಟ್ಯಶಾಸ್ತ್ರದ 6ನೆಯ ಅಧ್ಯಾಯಕ್ಕೆ ನಮ್ಮ ವಿಮರ್ಶಕರು ಸಲ್ಲಿಸಿರುವ ಗೌರವದಲ್ಲಿ ದಶಾಂಶವನ್ನಾದರೂ 27ನೆಯ ಅಧ್ಯಾಯಕ್ಕೆ ಸಲ್ಲಿಸಿದ್ದರೆ, ಸಭೆಯ ಮುಂದೆ ನಿಂತು ನುಡಿಯುವ ಕಲೆಯನ್ನು ಕುರಿತ ನಮ್ಮ ವಿಚಾರವು ಇಂದಿರುವಷ್ಟು ಬಡವಾಗಿರುತ್ತಿರಲಿಲ್ಲ. ಲೊಲ್ಲಟ, ಶಂಕುಕ, ಭಟ್ಟನಾಯಕ, ಅಭಿನವಗುಪ್ತರು 6ನೆಯ ಅಧ್ಯಾಯದ ರಸಸೂತ್ರದ ಮೇಲೆ ನಡೆಸಿದ ವಾದವು ಓದುಗರಿಗೆ ಪರಿಚಿತವೇ ಆದಕಾರಣ ಅದನ್ನಿಲ್ಲಿ ವಿಸ್ತರಿಸಬೇಕಾಗಿಲ್ಲ. ಆ ವಾದದ ಕೀರ್ತಿಯು ಎಷ್ಟು ದಟ್ಟವಾಗಿ ಹಬ್ಬಿತೆಂದರೆ, ರಸವು ಹೇಗೆ ನಿಷ್ಪನ್ನವಾಗುವುದೆಂದು ವಿಚಾರಿಸಿದವರು ಎದುರಿಗೆ ಕುಳಿತಿರುವವರು ಯಾರೆಂದು ವಿಚಾರಿಸುವುದನ್ನೇ ಮರೆತರು.

ಭರತನು ಮರೆತವನಲ್ಲ. ಪ್ರಯೋಗದ ಸಿದ್ಧಿಯನ್ನು ನಿರೂಪಿಸುವ ಈ 27ನೆಯ ಅಧ್ಯಾಯದಲ್ಲಿ ಅವನು ಮೊದಲು ಪ್ರೇಕ್ಷಕನಿಗಿರಬೇಕಾದ ಗುಣಗಳನ್ನು, ಎಂದರೆ ಶೀಲ, ಶ್ರುತ, ಮಾಧ್ಯಸ್ಥ್ಯ, ವಾದ್ಯಗಳಲ್ಲಿ ಕೌಶಲ, ದೇಶಭಾಷೆಗಳ ಪರಿಜ್ಞಾನ ಮುಂತಾದವನ್ನು ಎಣಿಸಿ, ಆ ಬಳಿಕ ಇವೆಲ್ಲವೂ ಒಬ್ಬನಲ್ಲಿ ನೆಲಸಿರಲಾರವೆಂದು ತಾನೇ ಒಪ್ಪಿಕೊಳ್ಳುತ್ತಾನೆ. ಅದಕ್ಕೆ ಅವನು ಕೊಡುವ ಕಾರಣಗಳು ಎರಡು: ತಿಳಿಯಬೇಕಾದುದಕ್ಕೆ ಮೇರೆಯಿಲ್ಲ; ಪರಿಷತ್ತು ಸಂಕೀರ್ಣವಾದುದು. ತರುಣರು ಕಾಮದಲ್ಲಿಯೂ, ವಿದಗ್ಧರು ಶಾಸ್ತ್ರಸಮಯಗಳಲ್ಲಿಯೂ, ಅರ್ಥಪರರು ಅರ್ಥದಲ್ಲಿಯೂ, ವಿರಾಗಿಗಳು ಮೋಕ್ಷದಲ್ಲಿಯೂ, ಶೂರರು ವೀರರೌದ್ರಗಳಲ್ಲಿಯೂ, ವೃದ್ಧರು ಧರ್ಮಾಖ್ಯಾನ ಪುರಾಣಗಳಲ್ಲಿಯೂ ಸಂತೋಷಪಡುವರೆಂಬ ಪ್ರಸಿದ್ಧವಾದ ಪಟ್ಟಿಯು ಬರುವುದು ಈ ಒಪ್ಪಿಗೆಯ ಬೆನ್ನಿಗೆ.

ಈ ಪಟ್ಟಿಯನ್ನು ಮಾತ್ರ ಕಿತ್ತು ತೆಗೆದುಕೊಂಡು, ಇಂಥ ಕೇಳುಗನಿಗೆ ಇಂಥ ಮಾತೆಂದು ಬಡಿಸುವ ಉಪದೇಶವನ್ನು ಅದರಲ್ಲಿ ಕಾಣುವವರುಂಟು. ಭಾಷಣಕಲೆಯನ್ನು ಕಲಿಸುವವರಿಗೆ ಅದು ಪ್ರಿಯವಾದ ಅರ್ಥ. ಆದರೆ ಶ್ಲೋಕಗಳು ನಿಂತಿರುವ ಸ್ಥಾನವು ಅದನ್ನು ಸಮರ್ಥಿಸುವುದಿಲ್ಲ. ಪ್ರಯೋಗವನ್ನು ಆರು ಪಾಲು ಮಾಡಿ ಹಂಚೆಂದು ಭರತನು ಇಲ್ಲಿ ನಟನಿಗೆ ವಿಧಿಸಲಿಲ್ಲ. ಯಾರಿಂದ ಯಾವ ಬಗೆಯ ತುಷ್ಟಿಯನ್ನು ನಿರೀಕ್ಷಿಸುವುದು ನ್ಯಾಯವೆಂಬುದನ್ನು ತಿಳಿಸಿದನು. ಸಿದ್ಧಿಯ ಚಿಹ್ನೆಗಳನ್ನು ಅವನು ಬೇರೆಬೇರೆಯಾಗಿ ಹೇಳಿರುವುದನ್ನು ಇದರೊಡನೆ ಕೂಡಿಸಿ ಓದಬೇಕು. ಮುಗುಳ್ನಗೆ ಒಂದು, ಅರ್ಧಹಾಸ ಒಂದು, ಅತಿಹಾಸ ಒಂದು; 'ಸಾಧು' ಎಂಬ ಮೆಚ್ಚುಗೆ, 'ಅಹೋ' ಎಂಬ ವಿಸ್ಮಯ, 'ಕಷ್ಟಂ' ಎಂಬ ಮರುಕ; ಪುಲಕ, ಆಸನದಿಂದ ಏಳುವುದು, ವಸ್ತ್ರವನ್ನು ಎಸೆದು ಸನ್ಮಾನಿಸುವುದು. ಮುಂದಿನ ಸಾಲಿನ ನಗೆಯನ್ನು ಕೇಳಿ ಹಿಗ್ಗಿದ ವಕ್ತಾರನು, ಮೂಲೆಯಲ್ಲಿ ಮೌನವಾಗಿ ರೋಮಾಂಚಗೊಂಡ ವೃದ್ಧನನ್ನು ಕಾಣದೆಹೋದರೆ, ಅವನು ತನ್ನ ಸಿದ್ಧಿಯನ್ನೇ ಅರಿತವನಲ್ಲ. ಇಷ್ಟು ಸೂಕ್ಷ್ಮವಾದ ಸಭಾಪರಿಜ್ಞಾನವು ರಸಸೂತ್ರದ ಯಾವ ವ್ಯಾಖ್ಯಾನದಲ್ಲಿಯೂ ನನಗೆ ದೊರೆತಿಲ್ಲ.

ಇಲ್ಲಿಯೇ ನನಗೆ ನಮ್ಮ ಸಹೃದಯವಾದಿಗಳೊಡನೆ ಜಗಳ. ಕಾವ್ಯಾಭ್ಯಾಸದಿಂದ ಮನಸ್ಸೆಂಬ ಕನ್ನಡಿಯು ನಿರ್ಮಲವಾಗಿ, ವರ್ಣ್ಯವಸ್ತುವಿನಲ್ಲಿ ತನ್ಮಯನಾಗಲು ಯೋಗ್ಯನಾದವನೇ ಸಹೃದಯನೆಂದು ಅಭಿನವಗುಪ್ತನು ಹೇಳಿದುದು ಮಹತ್ತಾದ ಮಾತು. ಆದರೆ ಆ ಮಾತನ್ನು ಹಿಡಿದವರು ಅದನ್ನು ಕೋಟೆಯಾಗಿ ಕಟ್ಟಿಕೊಂಡರು. ಸಭೆಯು ತೂಕಡಿಸಿದರೆ ಸಭೆ ಅಸಹೃದಯ, ಎದ್ದುಹೋದರೆ ಅರಸಿಕ. ಕವಿಯ ಮೇಲಾಗಲಿ ವಾಗ್ಮಿಯ ಮೇಲಾಗಲಿ ಯಾವ ಹೊಣೆಯೂ ಇಲ್ಲ. ಈ ಅಭಯವನ್ನು ಭರತನು ಯಾರಿಗೂ ಕೊಟ್ಟಿರಲಿಲ್ಲ. ಸಂತೋಷದಲ್ಲಿ ಸಂತೋಷವನ್ನೂ, ಶೋಕದಲ್ಲಿ ಶೋಕವನ್ನೂ, ದೈನ್ಯದಲ್ಲಿ ದೀನತೆಯನ್ನೂ ಹೊಂದುವವನು ಪ್ರೇಕ್ಷಕನೆಂದು ಅವನು ಹೇಳುವಾಗ, ವ್ಯಾಕರಣ ಕಲಿಯದ ಒಕ್ಕಲಿಗನಿಗೂ ಸಭೆಯಲ್ಲಿ ಸ್ಥಾನ ದೊರೆಯುತ್ತದೆ.

ನಮ್ಮ ಕರಾವಳಿಯ ತಾಳಮದ್ದಳೆಯು ಸಹೃದಯವಾದಿಗಳಿಗೆ ಸಾಕಷ್ಟು ಉತ್ತರವನ್ನು ಕೊಡುತ್ತ ಬಂದಿದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿಯು ಕುಳಿತಲ್ಲಿಯೇ ಆಶುವಾಗಿ ಅರ್ಥ ಹೇಳಬೇಕು. ವಾಲಿವಧೆಯ ಪ್ರಸಂಗದಲ್ಲಿ, ಮರೆಯಿಂದ ಬಂದ ಬಾಣಕ್ಕೆ ಬಿದ್ದ ವಾಲಿಯು ರಾಮನನ್ನು ಪ್ರಶ್ನಿಸುವಾಗ, ಸಂಸ್ಕೃತ ವಿದ್ವಾಂಸನಿಗೆ ಅದು ರಾಜಧರ್ಮದ ಪೂರ್ವಪಕ್ಷ. ಅಡಕೆ ತೋಟದ ಯಜಮಾನನಿಗೆ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ. ಶಾಲೆಯ ಹುಡುಗನಿಗೆ ಬಲಶಾಲಿಯೊಬ್ಬನ ಪತನ. ವಾಕ್ಯವು ಒಂದೇ. ಮೂವರಿಗೆ ಮೂರು ವಾಕ್ಯಗಳನ್ನು ಕಟ್ಟುವವನು ಕೆಳದರ್ಜೆಯ ಅರ್ಥಧಾರಿ. ಶೇಣಿ ಗೋಪಾಲಕೃಷ್ಣ ಭಟ್ಟರ, ದೇರಾಜೆ ಸೀತಾರಾಮಯ್ಯನವರ ಕೀರ್ತಿಯು ಪಂಡಿತರ ಜಗಲಿಯಲ್ಲಿಯೇ ನಿಲ್ಲದೆ ಊರೂರಿಗೆ ಹರಡಿದುದು ಇಂಥ ಅಖಂಡವಾದ ಮಾತಿನಿಂದ. ಇದನ್ನು ಜನರಂಜನೆಯೆಂದು ಬದಿಗೆ ಸರಿಸುವ ವಿಮರ್ಶೆಗೆ ಭರತನ ಹೆಸರನ್ನು ಹೇಳುವ ಅಧಿಕಾರವಿಲ್ಲ.

ಅಧ್ಯಾಯದಲ್ಲಿ ದೋಷವಿಲ್ಲವೆಂದಲ್ಲ. ಬಾಲರು, ಮೂರ್ಖರು, ಸ್ತ್ರೀಯರು ಎಂದು ಒಂದೇ ಗುಂಪು ಮಾಡಿ, ಇವರಿಗೆ ಹಾಸ್ಯವೂ ನೇಪಥ್ಯವೂ ಸಾಕೆಂದಿರುವುದನ್ನು ಕಾಲಧರ್ಮವೆಂದು ಕ್ಷಮಿಸಲು ನನ್ನಿಂದಾಗದು. ಅದನ್ನು ಗ್ರಂಥವೇ ಅಲ್ಲಗಳೆಯುತ್ತದೆ. ಮುಂದೆ ಪ್ರಯೋಗವನ್ನು ಪರೀಕ್ಷಿಸಲು ಹತ್ತು ಮಂದಿ ಪ್ರಾಶ್ನಿಕರನ್ನು ಭರತನು ಹೆಸರಿಸುವಾಗ, ಯಜ್ಞಕ್ಕೆ ಯಜ್ಞವಿದನನ್ನೂ, ಅಭಿನಯಕ್ಕೆ ನರ್ತಕನನ್ನೂ, ವೃತ್ತಬಂಧಕ್ಕೆ ಛಂದೋವಿದನನ್ನೂ, ಸೌಷ್ಠವಕ್ಕೆ ಧನುರ್ಧರನನ್ನೂ, ನೇಪಥ್ಯಕ್ಕೆ ಚಿತ್ರಕಾರನನ್ನೂ, ಸ್ವರಕ್ಕೆ ಗಾಯಕನನ್ನೂ ಕರೆದು, ಕಾಮೋಪಚಾರದ ವಿಷಯಕ್ಕೆ ವೇಶ್ಯೆಯನ್ನು ರಾಜನೊಡನೆಯೇ ನಿರ್ಣಾಯಕರ ಪಂಕ್ತಿಯಲ್ಲಿ ಕೂರಿಸುತ್ತಾನೆ. ಸಮಗ್ರವನ್ನೂ ತಾನೊಬ್ಬನೇ ಅಳೆಯಬಲ್ಲನೆಂಬ ಸಹೃದಯನಿಗೆ ಆ ಪಂಕ್ತಿಯಲ್ಲಿ ಆಸನವಿಲ್ಲ. ಹಾಸ್ಯನೇಪಥ್ಯಗಳ ಶ್ಲೋಕವನ್ನು ಬಿಟ್ಟು, ಪ್ರಾಶ್ನಿಕರ ಶ್ಲೋಕಗಳನ್ನು ಹಿಡಿಯುವುದೇ ಯುಕ್ತವೆಂದು ನನ್ನ ನಿಶ್ಚಯ.