ಫಿಯೆಟ್ಟೋ, ಹೆರಾಲ್ಡೋ?

ಹಳೆಯ ಕಾರುಗಳ ಮಾತು ಬಂದಾಗ ಗುಜರಾತಿನಲ್ಲಿ ಅರಮನೆಯ ಗಾಡಿಗಳೇ ಮುಂದೆ ನಿಲ್ಲುತ್ತವೆ. ಅಹಮದಾಬಾದಿನ ಕಠವಾಡದಲ್ಲಿ ಪ್ರಾಣಲಾಲ್ ಭೋಗೀಲಾಲರು ಕೂಡಿಸಿದ ಸಂಗ್ರಹವಿರಲಿ, 2023ರ ಜನವರಿಯಲ್ಲಿ ವಡೋದರದ ಲಕ್ಷ್ಮೀವಿಲಾಸ ಅರಮನೆಯಲ್ಲಿ ನಡೆದ ಪ್ರದರ್ಶನವಿರಲಿ, ನೋಡುವವರ ಕಣ್ಣು ಹೋಗುವುದು ಭಾರೀ ಗಾಡಿಗಳ ಕಡೆಗೇ. ಮಧ್ಯಮ ವರ್ಗದ ಸಂಸಾರಗಳನ್ನು ಹೊತ್ತು ತಿರುಗಿದ ಎರಡು ಸಣ್ಣ ಗಾಡಿಗಳ ಗುಣದೋಷಗಳನ್ನು ತೂಗುವವರು ಕಡಿಮೆ.

ಒಂದು, ಮುಂಬಯಿಯ ಕುರ್ಲಾದಲ್ಲಿ ತಯಾರಾದ ಇಟಲಿಯ ಫಿಯೆಟ್ 1100. ಇದೇ ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿತು. ಇನ್ನೊಂದು, 1961ರಿಂದ ಮದರಾಸಿನಲ್ಲಿ ತಯಾರಾದ ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಹೆರಾಲ್ಡಿನ ರೂಪ ಬರೆದ ಮಿಕೆಲೊಟ್ಟಿ ಕೂಡ ಫಿಯೆಟ್ಟಿನ ಊರಾದ ಟ್ಯೂರಿನ್ನಿನವನೇ.

ಅಂದಚೆಂದದಲ್ಲಿ ಹೆರಾಲ್ಡಿಗೇ ಮೇಲುಗೈ. ಅದು ಕೇವಲ 25 ಅಡಿಯ ವೃತ್ತದಲ್ಲಿ ತಿರುಗಿಬಿಡುತ್ತದೆ. ಅಹಮದಾಬಾದಿನ ಪೋಳುಗಳ ಆಸುಪಾಸಿನಲ್ಲಿ ಗಾಡಿ ಓಡಿಸಿದವರಿಗೆ ಇದರ ಬೆಲೆ ಗೊತ್ತು. ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಎಂಜಿನ್ನು ಪೂರ್ತಿಯಾಗಿ ಕೈಗೆ ಸಿಗುತ್ತದೆ. ಚಾಸಿ ಬೇರೆ, ಮೈ ಬೇರೆ; ತುಕ್ಕು ಹಿಡಿದ ಭಾಗವನ್ನು ಬೋಲ್ಟು ಬಿಚ್ಚಿ ಬದಲಿಸಬಹುದು. ಫಿಯೆಟ್ಟಿಗಾದರೋ ಮೈಯೇ ಅಸ್ಥಿಪಂಜರ. ಸೂರತ್ತಿನಂಥ ಕಡಲ ಹತ್ತಿರದ ಊರಿನಲ್ಲಿ ಅದರ ತಳಕ್ಕೆ ತುಕ್ಕು ಹತ್ತಿತೆಂದರೆ ಇಡೀ ಗಾಡಿಯ ಬಲವೇ ಕುಂದುತ್ತದೆ.

ಆದರೆ ಗಾಡಿಯ ಯೋಗ್ಯತೆ ತಿಳಿಯುವುದು ದೂರದ ದಾರಿಯಲ್ಲಿ. ಬೇಸಿಗೆ ರಜೆಗೆ ಮಕ್ಕಳುಮರಿ, ಹಾಸಿಗೆ ಸುರುಳಿ, ಉಪ್ಪಿನಕಾಯಿ ಭರಣಿಗಳೊಡನೆ ಮುಂಬಯಿ, ಪುಣೆ, ಕೊಲ್ಹಾಪುರ ದಾಟಿ ಬೆಳಗಾವಿ ಮುಟ್ಟಬೇಕು ಎನ್ನಿ. ಅಲ್ಲಿ ಹೆರಾಲ್ಡಿನ 948 ಸಿ.ಸಿ. ಎಂಜಿನ್ನಿಗಿಂತ ಫಿಯೆಟ್ಟಿನ 1089 ಸಿ.ಸಿ. ಎಂಜಿನ್ನು ಘಾಟಿಯನ್ನು ಹೆಚ್ಚು ನಿರಾಳವಾಗಿ ಏರುತ್ತದೆ. ಹೆರಾಲ್ಡಿನ ಹಿಂದಿನ ಅಚ್ಚು ಎರಡು ತುಂಡು, ನಡುವೆ ಕೀಲು. ಬಿರುಸಾದ ತಿರುವಿನಲ್ಲಿ ಚಾಲಕ ಹೆದರಿ ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆದರೆ ಗಾಡಿಯ ಹಿಂಭಾಗ ಮೇಲೆದ್ದು, ಚಕ್ರ ಒಳಮಡಿಚಿ, ನೆಲದ ಹಿಡಿತ ತಪ್ಪುವ ಭಯವಿದೆ. ಫಿಯೆಟ್ಟಿನ ಗಟ್ಟಿ ಅಚ್ಚು ಒರಟು, ಆದರೆ ನಂಬಿಗಸ್ತ. 1972ರಲ್ಲಿ ಹೆರಾಲ್ಡಿನ ಬದಲು ಬಂದ ಗೆಝೆಲ್ ಗಾಡಿಗೆ ಮದರಾಸಿನ ಕಂಪನಿಯೂ ಗಟ್ಟಿ ಅಚ್ಚನ್ನೇ ಹಾಕಿತು. ಇದಕ್ಕಿಂತ ಬೇರೆ ಸಾಕ್ಷಿ ಏಕೆ?

ಆದ್ದರಿಂದ ಊರೊಳಗೆ ಹೆರಾಲ್ಡು, ಊರಿಗೆ ಹೋಗಲು ಫಿಯೆಟ್ಟು. ಒಂದನ್ನೇ ಆರಿಸಬೇಕೆಂದರೆ ನನ್ನ ಮತ ಫಿಯೆಟ್ಟಿಗೆ. ಪದ್ಮಿನಿಯ ರೂಪದಲ್ಲಿ ಅದು 2000ದ ಸುಮಾರಿನವರೆಗೂ ತಯಾರಾಯಿತು; ಹೀಗಾಗಿ ಬಿಡಿಭಾಗ ಹುಡುಕುವ ಪಾಡು ಹೆರಾಲ್ಡಿನವರಷ್ಟು ಇಲ್ಲ.

ಕೊನೆಗೊಂದು ಆಕ್ಷೇಪ. 2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಿದರೆ ಅದು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲು ಮತ್ತು ರಿಪೇರಿಗಷ್ಟೇ ರಸ್ತೆಗಿಳಿಯಬಹುದು. ನಿತ್ಯದ ಓಡಾಟ ಸಲ್ಲದು. ಅರಮನೆಯ ಗಾಡಿಗೆ ಇದರಿಂದ ನಷ್ಟವಿಲ್ಲ, ಅದು ಹುಟ್ಟಿದ್ದೇ ಮೆರವಣಿಗೆಗೆ. ಆಫೀಸು, ಶಾಲೆ, ಸಂತೆಗೆಂದು ಹುಟ್ಟಿದ ಗಾಡಿಯನ್ನು ಗಾಜಿನ ಬೊಂಬೆ ಮಾಡಿದರೆ ಉಳಿಯುವುದು ಬಣ್ಣ ಮಾತ್ರ. ತೀರ್ಪುಗಾರರು ಹೊಳಪಿಗೆ ಬಹುಮಾನ ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ವಡೋದರದಿಂದ ಸೂರತ್ತಿಗೆ ನಾಲ್ಕು ಜನರನ್ನು ಕೂರಿಸಿಕೊಂಡು, ಎಲ್ಲಿಯೂ ಕೈಕೊಡದೆ ತಲುಪಿದ ಸಣ್ಣ ಗಾಡಿಗೂ ಒಂದು ಬಹುಮಾನವಿರಲಿ.