ಶನಿವಾರದ ಹಾಡು

ನಮ್ಮ ಶಾಲೆಗಳ ವಾರ್ಷಿಕೋತ್ಸವದ ಬಗ್ಗೆ ನನಗೊಂದು ತಕರಾರಿದೆ. ಶಾಮಿಯಾನ, ಸೀರಿಯಲ್ ಸೆಟ್ಟು, ಮುಖ್ಯ ಅತಿಥಿಗಳ ಹಾರ-ತುರಾಯಿ ಎಲ್ಲ ಇರಲಿ ಬಿಡಿ, ವರ್ಷಕ್ಕೊಂದು ಸಂಭ್ರಮ ಬೇಡವೇ? ನನ್ನ ತಕರಾರು ಹಾಡುವ ಮಕ್ಕಳ ವಿಚಾರದ್ದು. ವರ್ಷವಿಡೀ ಬಾಯಿ ಮುಚ್ಚಿಸಿದ ಮಗುವಿನ ಕೈಗೆ ಒಂದು ಸಂಜೆ ಮೈಕು ಕೊಟ್ಟು, "ಧೈರ್ಯವಾಗಿ ಹಾಡು" ಎನ್ನುತ್ತೇವೆ. ಧೈರ್ಯವೇನು ಆ ಮೈಕಿನೊಳಗೆ ಕುಳಿತಿರುತ್ತದೆಯೇ? ಆಯ್ಕೆಯಾಗುವವರೂ ಅವರೇ: ಸಂಜೆ ಪಾಠಕ್ಕೆ ಹೋಗುವ, ಮನೆಯಲ್ಲಿ ಹಾರ್ಮೋನಿಯಂ ಇರುವ ನಾಲ್ಕು ಮಕ್ಕಳು. ಉಳಿದವರು ಚಪ್ಪಾಳೆಗೆ.

ಇದಕ್ಕಿಂತ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಜಮಖಾನ ಹಾಸಿ, ಮಕ್ಕಳೇ ಹಾಡಿ ಮಕ್ಕಳೇ ಕೇಳುವ ಸಣ್ಣ ಸಭೆ ಎಷ್ಟೋ ಮೇಲು. ನಾನು ಸಂಗೀತದ ಟೀಚರಲ್ಲ, ಕನ್ನಡ ಪಾಠ ಹೇಳುವವಳು. ಆದರೆ ಬಿ.ಎಡ್.ನಲ್ಲಿ ಓದಿದ ಮನಶ್ಶಾಸ್ತ್ರಕ್ಕಿಂತ ಹೆಚ್ಚನ್ನು ಆ ಜಮಖಾನದ ಮೂಲೆಯಲ್ಲಿ ಕುಳಿತು ಕಲಿತಿದ್ದೇನೆ.

ಮೊದಲು ಶ್ರುತಿಯ ಮಾತು. ಉತ್ಸವದಲ್ಲಿ ಸಿನಿಮಾ ಹಾಡಿನ ಟ್ರ್ಯಾಕ್ ಹಾಕುತ್ತಾರೆ. ಅದು ಮೂಲ ಗಾಯಕಿಯ ಶ್ರುತಿಯಲ್ಲಿರುತ್ತದೆ. ನಮ್ಮ ಹುಡುಗಿ ಏಣಿ ಹಾಕಿ ಹತ್ತಬೇಕು. ತುಸು ತಡವರಿಸಿದರೂ ಟ್ರ್ಯಾಕ್ ಕಾಯುವುದಿಲ್ಲ. ಶನಿವಾರದ ಸಭೆಯಲ್ಲಿ ಶ್ರುತಿಪೆಟ್ಟಿಗೆಯೇ ಮಗುವಿನ ಗಂಟಲಿಗೆ ಹೊಂದಿಕೊಳ್ಳುತ್ತದೆ. ಎಂಟನೇ-ಒಂಬತ್ತನೇ ತರಗತಿಯ ಗಂಡುಹುಡುಗರಿಗಂತೂ ಇದು ಬಹಳ ಮುಖ್ಯ. ದನಿ ಒಡೆಯುವ ಆ ಕಾಲದಲ್ಲಿ ಒಮ್ಮೆ ಜನ ನಕ್ಕರೆಂದರೆ ಹುಡುಗ ಮತ್ತೆ ಬಾಯಿ ತೆರೆಯುವುದಿಲ್ಲ.

ಹೆದರಿದ ಮಗು ಓಡುತ್ತದೆ, ಗಮನಿಸಿದ್ದೀರಾ? ಮಲಹರಿ ರಾಗದ ಪುಟ್ಟ ಗೀತೆಯನ್ನೂ ಬಸ್ಸು ಹಿಡಿಯುವವರ ಹಾಗೆ ಮುಗಿಸಿಬಿಡುತ್ತದೆ. ಎದುರು ಕುಳಿತ ಮಕ್ಕಳು ತೊಡೆಯ ಮೇಲೆ ತಾಳ ಹಾಕುತ್ತಿದ್ದರೆ ಆ ಓಟ ತಾನಾಗಿ ನಿಧಾನವಾಗುತ್ತದೆ. ಸಾಹಿತ್ಯ ಮರೆತರೆ ಯಾರಾದರೂ ಎತ್ತಿಕೊಡುತ್ತಾರೆ. ನಡುವೆ ನಿಂತು, ಮತ್ತೆ ಮೊದಲಿನಿಂದ ಹಿಡಿದು ಕೊನೆ ಮುಟ್ಟಿಸಿದ ಮಗು ಮರುವಾರ ತಾನೇ ಹೆಸರು ಕೊಡುತ್ತದೆ.

ದೊಡ್ಡ ವೇದಿಕೆಯಲ್ಲೇ ಎಳೆಯ ವಯಸ್ಸಿಗೆ ಹಾಡಿ ಗೆದ್ದವರಿಲ್ಲವೇ ಎನ್ನಬಹುದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರೆದುರು ಸ್ವಾಗತಗೀತೆ ಹಾಡಿದಾಗ ಗಂಗೂಬಾಯಿ ಹಾನಗಲ್ ಅವರು ಇನ್ನೂ ಚಿಕ್ಕ ಹುಡುಗಿ. ಆದರೆ ಅವರಿಗೆ ಮನೆಯಲ್ಲೇ ಕೇಳುವ ಕಿವಿಯಿತ್ತು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಆ ದಿನ ತಮಗಿದ್ದ ಅಳುಕನ್ನು ಗಂಗೂಬಾಯಿಯವರೇ ಮುಂದೆ ಹೇಳಿಕೊಂಡಿದ್ದಾರೆ: ಊಟವಾದ ಮೇಲೆ ಎಂಜಲೆಲೆ ಎತ್ತಲು ತನ್ನನ್ನು ಕರೆದಾರೋ ಎಂದು. ಹೆದರಿಕೆ ಸ್ವರದ್ದಲ್ಲ, ಜಾತಿಯದು. ಮಗುವಿಗೆ ಧೈರ್ಯವಿಲ್ಲ ಎಂದು ಷರಾ ಬರೆಯುವ ಮೊದಲು ಇದನ್ನು ನೆನೆಯಬೇಕು.

ಒಮ್ಮೆ ಆರನೇ ತರಗತಿಯ ಹುಡುಗಿಯೊಬ್ಬಳು ಅಜ್ಜಿಯಿಂದ ಕಲಿತ ಬೀಸುವ ಪದ ಹೇಳಿದಳು. ಅದುವರೆಗೆ ಆ ಜಮಖಾನದ ಅಂಚಿಗೂ ಬಂದವಳಲ್ಲ. ಪಾಠಕ್ಕೆ ಹೋಗುವ ಮಗುವೊಂದು, "ಇದು ಯಾವ ರಾಗ ಟೀಚರ್?" ಎಂದಿತು. ಸಂಗೀತದ ಟೀಚರ್ ಇಬ್ಬರನ್ನೂ ಕೂರಿಸಿ ಅದರ ಸ್ವರ ಹುಡುಕಿಸಿದರು. ರಾಗದ ಹೆಸರು ತೀರ್ಮಾನವಾಗಲಿಲ್ಲ. ಮುಂದಿನ ಶನಿವಾರ ಇಬ್ಬರೂ ಸೇರಿ ಆ ಪದವನ್ನೇ ಹಾಡಿದರು. ಇಂಥದ್ದಕ್ಕೆ ಯಾವ ಸ್ಪರ್ಧೆಯಲ್ಲಿ ಅಂಕವಿದೆ ಹೇಳಿ.

ಈ ಸಭೆಗಳಲ್ಲಿ ಕುಂದಿಲ್ಲವೆಂದಲ್ಲ. ಎಲ್ಲರಿಗೂ "ಬಹಳ ಚೆನ್ನಾಗಿದೆ" ಎಂದು ಹಂಚಿಬಿಟ್ಟರೆ ಮಕ್ಕಳು ನಂಬುವುದಿಲ್ಲ. ಮಗು ಹಾಡುವಾಗ ಟೀಚರು ಹಾಜರಿ ಪುಸ್ತಕ ತುಂಬುತ್ತ ಕುಳಿತರೆ ಅದಕ್ಕೆ ಕೂಡಲೇ ತಿಳಿಯುತ್ತದೆ. ಮನೆಯಲ್ಲೂ ಅಷ್ಟೇ ಕಣ್ರೀ, ಒಗ್ಗರಣೆ ಹಾಕುತ್ತ "ಹಾಡು, ಕೇಳ್ತಿದೀನಿ" ಎನ್ನುವುದು ಕೇಳಿದಂತಲ್ಲ.

ಈಗ ನಮ್ಮಲ್ಲಿ ಶನಿವಾರದ ಆ ಪೀರಿಯಡ್ಡು ಎಸ್ಸೆಸ್ಸೆಲ್ಸಿ ವಿಶೇಷ ತರಗತಿಗೆ ಹೋಗಿದೆ. ರಿಸಲ್ಟು ಮುಖ್ಯವಂತೆ. ಇಪ್ಪತ್ತು ನಿಮಿಷವಾದರೂ ಬಿಟ್ಟುಕೊಡಿ ಎಂದು ಬರೆದುಕೊಟ್ಟಿದ್ದೇನೆ. ಉತ್ತರ ಬಂದಿಲ್ಲ.